ಎಲ್ಲ ಕೂಸುಗಳಿಗೂ ಒಂದೇ ಬಾಟಲಿ

ನರೀನ್ ಸೀಮೆಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಬುರುಲ್ಚಾಳದ್ದು ಯಾರಿಗೂ ಬೇಡದ ಕೆಲಸ. ವಾರ್ಡುಗಳಲ್ಲಿ ಸೋಂಕು ಎಲ್ಲಿಂದ ಹಬ್ಬುತ್ತಿದೆ ಎಂದು ಹುಡುಕುವ ಡಾಕ್ಟರು ಅವಳು. ಅವಳು ಒಳಗೆ ಬಂದಳೆಂದರೆ ನರ್ಸ್‌ಗಳ ಮಾತು ನಿಲ್ಲುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಜೊತೆ ಕೂತು ಚಹಾ ಕುಡಿಯುತ್ತಿದ್ದವಳು ಒಬ್ಬಳೇ, ಹಸುಗೂಸುಗಳ ವಾರ್ಡಿನ ಹಿರಿಯ ನರ್ಸ್ ಸಾಯ್ರಾಗುಲ್.

ಆ ಚಳಿಗಾಲ ಸಾಯ್ರಾಗುಲ್‌ಳ ವಾರ್ಡಿನಲ್ಲೇ ಕೂಸುಗಳು ಒಂದರ ಹಿಂದೊಂದು ಹಾಲು ಬಿಟ್ಟವು, ಮೈ ತಣ್ಣಗಾಯಿತು. ಎರಡು ತೀರಿಕೊಂಡವು. ಕಾಯಿಲೆ ಬಿದ್ದ ಎಲ್ಲ ಕೂಸುಗಳ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯ ಕಂಡಿತು. ನಲ್ಲಿ, ತೊಟ್ಟಿಲು, ಕೊನೆಗೆ ನರ್ಸ್‌ಗಳ ಅಂಗೈಯನ್ನೂ ಬುರುಲ್ಚಾ ಹತ್ತಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದಳು. ಏನೂ ಸಿಗಲಿಲ್ಲ.

"ಕೈ ಆಯ್ತು, ಇನ್ನು ನಮ್ಮ ನಾಲಿಗೆನೂ ಒರೆಸ್ಕೊಂಡು ಹೋಗಿ, ಎಜೆ," ಎಂದು ಒಬ್ಬ ನರ್ಸ್ ಚುಚ್ಚಿದಳು. ಅಕ್ಕ ಎಂದು ಕರೆದ ಆ ದನಿಯಲ್ಲಿ ಅಕ್ಕರೆ ಇರಲಿಲ್ಲ.

ಆಮೇಲೆ ಬುರುಲ್ಚಾ ಏನನ್ನೂ ಮುಟ್ಟದೆ, ವಾರ್ಡಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ನೋಡುತ್ತ ಕೂತಳು. ಸಾಯ್ರಾಗುಲ್ ಬೆಳಗ್ಗೆ ಒಂದು ಗ್ಲೂಕೋಸ್ ಬಾಟಲಿ ತೆರೆದು, ಪ್ರತಿ ಕೂಸಿನ ಚುಚ್ಚುಮದ್ದನ್ನೂ ಅದರಿಂದಲೇ ಕಲಸುತ್ತಿದ್ದಳು. ಸಂಜೆಯಾದರೂ ಅದೇ ಬಾಟಲಿ.

"ಹೊಸದು ತೆಗೀಬಾರ್ದೇನೆ?"

"ಎಲ್ಲಿದೆ ಹೊಸದು? ಉಗ್ರಾಣದವ್ರು ಕೊಟ್ರೆ ತಾನೇ! ಇದನ್ನ ಚೆಲ್ಲಿದ್ರೆ ನಾಳೆ ಕೂಸುಗಳಿಗೆ ಏನ್ ಹಾಕ್ಲಿ?"

ಬುರುಲ್ಚಾ ಎದ್ದು ಬಾಟಲಿ ಕೈಗೆತ್ತಿಕೊಂಡಳು. "ಇದನ್ನೂ ಕಳಿಸ್ಬೇಕು ಕಣೆ."

ಸಾಯ್ರಾಗುಲ್ ಗೆಳತಿಯ ಮುಖವನ್ನೇ ನೋಡಿದಳು. "ಕಳಿಸು," ಎಂದಳು, ಅಷ್ಟೇ.

ಬ್ಯಾಕ್ಟೀರಿಯ ಅದರಲ್ಲಿತ್ತು. ಹೊಸ ಬಾಟಲಿ ಕೊಡದವರದ್ದೇ ತಪ್ಪು ಎಂದು ಬುರುಲ್ಚಾ ಸಭೆಯಲ್ಲಿ ದನಿಯೇರಿಸಿ ಹೇಳಿದಳು. ಮುಖ್ಯ ವೈದ್ಯರು ಒಂದೊಂದು ಕೂಸಿಗೆ ಒಂದರಂತೆ ಪುಟ್ಟ ಬಾಟಲಿಗಳನ್ನು ತರಿಸಿದರು; ಹಾಗೆಯೇ ಸಾಯ್ರಾಗುಲ್‌ಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಸೋಂಕು ನಿಂತಿತು. ಸಾಯ್ರಾಗುಲ್ ಬುರುಲ್ಚಾಳ ಜೊತೆ ಮಾತು ಬಿಟ್ಟಳು.

ಕಾಯಿಲೆ ಬಿದ್ದಿದ್ದ ಕೊನೆಯ ಕೂಸು ಮನೆಗೆ ಹೊರಟ ದಿನ ಅದರ ತಾಯಿ ವಾರ್ಡಿಗೆಲ್ಲ ಬಿಸಿ ಬೋರ್ಸೋಕ್ ಹಂಚಿದಳು. ಬಾಗಿಲಲ್ಲಿ ನಿಂತಿದ್ದ ಬುರುಲ್ಚಾಳನ್ನು ಯಾರೋ ಎಂದುಕೊಂಡು ದಾಟಿ ಹೋದಳು. ಕರಿದ ಹಿಟ್ಟಿನ ಘಮ ಮಾತ್ರ ಅಲ್ಲಿ ಉಳಿಯಿತು.

ಹಿಮ ಕರಗಿದ ಮೇಲೆ ಒಂದು ದಿನ, ಬಜಾರಿನಲ್ಲಿ ಮೊಸರು ಮಾರುವವರ ಸಾಲಿನಲ್ಲಿ ಇಬ್ಬರೂ ಎದುರುಬದುರಾದರು. ಸಾಯ್ರಾಗುಲ್ ಮುಖ ತಿರುಗಿಸಿ ಎರಡು ಹೆಜ್ಜೆ ಹೋದವಳು ನಿಂತಳು.

"ಆ ಕೊನೇ ಹೆಣ್ಗೂಸು... ಉಳೀತಾ?"

"ಉಳೀತು ಕಣೆ. ಗುಂಡು ಗುಂಡಗಾಗಿದೆ."

ಸಾಯ್ರಾಗುಲ್ ತಲೆವಸ್ತ್ರದ ತುದಿಯಿಂದ ಕಣ್ಣೊತ್ತಿಕೊಂಡಳು. ಬುರುಲ್ಚಾ ಕೈ ಚಾಚುವಷ್ಟರಲ್ಲಿ ಅವಳು ಜನರ ನಡುವೆ ಸೇರಿಹೋಗಿದ್ದಳು. ಬುರುಲ್ಚಾ ಒಬ್ಬಳಿಗೆ ಸಾಕಾಗುವಷ್ಟು ಮೊಸರು ಕೊಂಡು ಮನೆಯ ಕಡೆ ನಡೆದಳು.