ಹಕ್ಕಿಗೆಂದು ಕೊಂಡ ಕ್ಯಾಮೆರಾ

ಕ್ಯಾಮೆರಾ ಕೊಳ್ಳುವುದು ಇಷ್ಟು ಸುಸ್ತಿನ ಕೆಲಸ ಅಂತ ಮೊದಲೇ ಗೊತ್ತಿದ್ದಿದ್ದರೆ ಒಂದು ಪೆನ್ಸಿಲ್ ತಗೊಂಡು ಚಿತ್ರ ಬರೆಯುವುದನ್ನೇ ಕಲಿತುಬಿಡುತ್ತಿದ್ದೆ. ಎರಡು ವರ್ಷದಿಂದ ನಾನು ಕ್ಯಾಮೆರಾ ಕೊಳ್ಳುತ್ತಲೇ ಇದ್ದೆ. ಹೆಣ್ಣು ನೋಡುವುದಕ್ಕೂ ನಾನು ಇಷ್ಟು ಅಲೆದವನಲ್ಲ. ಒಂದೇ ಮನೆಗೆ ಹೋದೆ, ಉಪ್ಪಿಟ್ಟು ತಿಂದೆ, ಒಪ್ಪಿಕೊಂಡು ಬಂದೆ. ನನ್ನ ಹೆಂಡತಿ ಸರೋಜ ಈ ಮಾತನ್ನು ಈಚೆಗೆ ಆಗಾಗ ನೆನಪಿಸುತ್ತಾಳೆ. ಹೆಮ್ಮೆಯಿಂದಲೋ ಬೇಸರದಿಂದಲೋ ನನಗಿನ್ನೂ ಗೊತ್ತಾಗಿಲ್ಲ.

ಯೂಟ್ಯೂಬಿನಲ್ಲಿ ಕ್ಯಾಮೆರಾ ಬಗ್ಗೆ ಬುದ್ಧಿ ಹೇಳುವವರೆಲ್ಲ ಒಂದೇ ಮಠದಲ್ಲಿ ಕಲಿತವರಿರಬೇಕು. ಮೊದಲು ಹೊಗಳುತ್ತಾರೆ, ಆಮೇಲೆ 'ಆದರೆ' ಅನ್ನುತ್ತಾರೆ. ಆ 'ಆದರೆ' ಬಂದಕೂಡಲೇ ಬೆಳಿಗ್ಗೆಯಿಂದ ನಾನು ಮನಸ್ಸಿನಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡಿದ ಕ್ಯಾಮೆರಾ ಸಂಜೆಗೆ ಗುಜರಿ ಸಾಮಾನಾಗಿ ಕಾಣುತ್ತದೆ. ಒಬ್ಬ ಸೆನ್ಸರ್ ದೊಡ್ಡದಿರಬೇಕು ಅನ್ನುತ್ತಾನೆ. ಇನ್ನೊಬ್ಬ, ಸೆನ್ಸರ್ ಹಾಳಾಗಲಿ, ದುಡ್ಡನ್ನೆಲ್ಲ ಲೆನ್ಸಿಗೆ ಸುರಿಯಿರಿ ಅನ್ನುತ್ತಾನೆ. ಮತ್ತೊಬ್ಬ ಇವರಿಬ್ಬರನ್ನೂ ಬೈದು, ಬೆಳಕು ಚೆನ್ನಾಗಿದ್ದರೆ ಎಲ್ಲ ಕ್ಯಾಮೆರಾವೂ ಒಂದೇ ಅಂತ ಸನ್ಯಾಸಿಯ ಹಾಗೆ ಉಪದೇಶ ಮಾಡಿ, ಕೆಳಗೆ ತಾನು ಬಳಸುವ ದುಬಾರಿ ಕ್ಯಾಮೆರಾದ ಲಿಂಕ್ ಕೊಟ್ಟಿರುತ್ತಾನೆ. ಒಂದು ವಿಷಯದಲ್ಲಿ ಮಾತ್ರ ಇವರಿಗೆಲ್ಲ ಒಮ್ಮತ. "ಮೊದಲು ನಿಮ್ಮ ಉಪಯೋಗ ಏನು ಅಂತ ತೀರ್ಮಾನ ಮಾಡಿ" ಅನ್ನುತ್ತಾರೆ. ಅಲ್ಲಿಗೆ ಬಂದಾಗ ನಾನು ಫೋನ್ ಆರಿಸಿಬಿಡುತ್ತಿದ್ದೆ.

ಉಪಯೋಗ ಕೇಳಿದವರಿಗೆಲ್ಲ ನಾನು ಹಕ್ಕಿ ಅಂತ ಹೇಳಿದ್ದೆ. ಆವತಿಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಒಂದು ಚಕ್ಕೋತದ ಮರವಿದೆ, ಅದಕ್ಕೆ ಹಕ್ಕಿಗಳು ಬರುತ್ತವೆ, ಬೆಂಗಳೂರಿನಿಂದ ಜನ ಭಾನುವಾರ ಬೆಳಗಾದರೆ ಕೊಳವೆಯಂಥ ಲೆನ್ಸ್ ಹೊತ್ತು ನಮ್ಮ ಕೆರೆಗಳ ಸುತ್ತ ತಿರುಗುತ್ತಾರೆ. ಹಾಗಾಗಿ ಹಕ್ಕಿ ಅಂದರೆ ಯಾರೂ ಮತ್ತೇನೂ ಕೇಳುವುದಿಲ್ಲ. ಕೇಳಿದವಳು ಅಮ್ಮ ಒಬ್ಬಳೇ.

"ಹಕ್ಕಿ ತಗ್ದು ಏನ್ಮಾಡ್ತೀಯಪ್ಪಾ?"

"ನೋಡೋದಮ್ಮ."

"ಮರದ ಮೇಲೇ ಕಾಣ್ತವಲ್ಲ" ಅಂದು ಅವಳು ಮೊರ ತಗೊಂಡು ಒಳಗೆ ಹೋದಳು. ಅಂದಿನಿಂದ ಗಿಣಿಯೋ ಗೊರವಂಕವೋ ಬಂದಾಗಲೆಲ್ಲ "ಮಂಜಾ, ಬಂತು ನೋಡು ನಿನ್ನ ಗಿರಾಕಿ" ಅಂತ ಕೂಗುವಳು. ನನ್ನ ಹತ್ತಿರ ಕ್ಯಾಮೆರಾ ಇರುತ್ತಿರಲಿಲ್ಲ. ಗಿಣಿ ಸ್ವಲ್ಪ ಹೊತ್ತು ಕೂತು ಹಾರಿಹೋಗುತ್ತಿತ್ತು.

ನಿಜವಾದ ಉಪಯೋಗ ಬೇರೆ ಇತ್ತು. ಅದನ್ನು ನಿಮ್ಮ ಹತ್ತಿರ ಹೇಳಬಹುದು. ಅಪ್ಪ ಹೋದಾಗ ತಿಥಿಗೆ ಇಡಲು ಅವರದೊಂದು ಫೋಟೋ ಇರಲಿಲ್ಲ. ಯಾರ ಮನೆಯ ಮದುವೆಗೆ ಹೋದರೂ ಬಾಣಸಿಗರ ಜೊತೆ ನಿಂತು ಉಸ್ತುವಾರಿ ನೋಡುವ ಮನುಷ್ಯ, ಫೋಟೋದವನು ಬಂದರೆ ಸೌದೆ ತರುವ ನೆಪ ಹೇಳಿ ಹೊರಡುವವರು. ಅಮ್ಮನೂ ಅವರೂ ಒಟ್ಟಿಗಿರುವ ಒಂದು ಪಟವೂ ಇಲ್ಲ. ಅವರ ಮದುವೆಗೆ ಫೋಟೋದವನನ್ನು ಯಾರೂ ಕರೆಸಿರಲಿಲ್ಲ. ಕೊನೆಗೆ ಯಾರದೋ ಗೃಹಪ್ರವೇಶದ ಗುಂಪು ಫೋಟೋದಲ್ಲಿ, ಹಿಂದಿನ ಸಾಲಿನಲ್ಲಿ, ಯಾರದೋ ಪೇಟದ ಪಕ್ಕ ಅವರ ಮುಖ ಸಿಕ್ಕಿತು. ಸ್ಟುಡಿಯೋದವನು ಅದನ್ನೇ ಹಿಗ್ಗಿಸಿ, ಹಿಂದೆ ನೀಲಿ ಬಣ್ಣ ಬಳಿದು, ಜೀವನದಲ್ಲಿ ಕೋಟು ಮುಟ್ಟದ ನಮ್ಮಪ್ಪನಿಗೆ ಒಂದು ಕೋಟು ತೊಡಿಸಿ, ಕಟ್ಟು ಹಾಕಿಸಿ ಕೊಟ್ಟ. ಮುಖ ಮಂಜಿನಲ್ಲಿ ನಿಂತವರ ಮುಖದಂತಿತ್ತು. ಅಮ್ಮ ಅದನ್ನು ತುಂಬ ಹೊತ್ತು ನೋಡಿ, "ಕೋಟು ಚೆನ್ನಾಗೈತೆ ಕಣಪ್ಪ. ಒಳಗಿರೋರು ಯಾರು?" ಅಂದಳು.

ನೆಂಟರು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅಮ್ಮನಿಗೆ ಹೀಗಾಗಬಾರದು ಅಂತ ಆವತ್ತೇ ಅಂದುಕೊಂಡೆ. ಅವಳ ಹಣೆಯ ಗೆರೆ, ಮೂಗುಬೊಟ್ಟಿನ ಕೆಳಗಿನ ಸಣ್ಣ ಮಚ್ಚೆ, ಬಲಗಣ್ಣಿಗಿಂತ ಒಂದಿಷ್ಟು ಕಿರಿದಾದ ಎಡಗಣ್ಣು, ಎಲ್ಲ ಇದ್ದಹಾಗೆ ಇರಬೇಕು. ಫೋನಿನಲ್ಲಿ ತೆಗೆಯಬಹುದಲ್ಲ ಅನ್ನುತ್ತೀರಿ. ತೆಗೆದು ನೋಡಿದೆ. ನನ್ನ ಫೋನಿಗೆ ಸುಕ್ಕು ಕಂಡರೆ ಆಗದು. ಕೇಳದೆಯೇ ಎಲ್ಲವನ್ನೂ ಒರೆಸಿ, ಅಮ್ಮನನ್ನು ಸೀರೆ ಅಂಗಡಿಯ ಬೊಂಬೆ ಮಾಡಿ ಕೊಟ್ಟಿತು. ಹಾಗಾಗಿ ಕ್ಯಾಮೆರಾನೇ ಬೇಕಿತ್ತು. ಆದರೆ ಬದುಕಿರುವ ತಾಯಿಯ ಗೋಡೆ ಪಟಕ್ಕೆ ಕ್ಯಾಮೆರಾ ಹುಡುಕುತ್ತಿದ್ದೇನೆ ಅಂತ ಯಾವ ಬಾಯಲ್ಲಿ ಹೇಳುವುದು? ಅದಕ್ಕೇ ಹಕ್ಕಿ.

ನಾನು ದೇವನಹಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಪ್ರತಿ ವರ್ಷ ಕರಿಹಲಗೆಯ ಮೇಲೆ ಪೀನ ಮಸೂರ ಬರೆದು, ಅದರ ಮೂಲಕ ಬಾಣಗಳನ್ನು ಹಾಯಿಸಿ, ಇಲ್ಲಿ ಬಂದು ಸೇರುತ್ತವೆ ನೋಡಿ ಅಂತ ಕುಟ್ಟಿ ಹೇಳುತ್ತೇನೆ. ಅಂಗಡಿಯಲ್ಲಿ ನಿಂತರೆ ಆ ಬಾಣಗಳು ಎಲ್ಲಿಗೂ ಸೇರುವುದಿಲ್ಲ. ಮಸೂರ ಅಂದರೆ ಸಂಸ್ಕೃತದಲ್ಲಿ ನಮ್ಮ ಚನ್ನಂಗಿ ಬೇಳೆಯ ಕಾಳು. ಲೆನ್ಸ್ ಅನ್ನುವ ಮಾತೂ ಲ್ಯಾಟಿನ್ನಿನಲ್ಲಿ ಅದೇ ಕಾಳಿನ ಹೆಸರಂತೆ. ಗಾಜನ್ನು ಮೊದಲು ಉಜ್ಜಿ ನೋಡಿದವನಿಗೆ ಬೇಳೆ ನೆನಪಾಯಿತು ಅಂದರೆ ಅವನಿಗೆ ಹಸಿವಾಗಿದ್ದಿರಬೇಕು. ಅಮ್ಮ ಒಂದು ಮೊರ ಬೇಳೆಯಲ್ಲಿ ಕಲ್ಲು ಆರಿಸಿ ಏಳುವ ಹೊತ್ತಿಗೆ ನಾನು ಒಂದು ಗಾಜಿನ ಕಾಳಿನ ಬಗ್ಗೆ ಅರ್ಧ ವಿಮರ್ಶೆ ಕೇಳಿರುತ್ತಿದ್ದೆ, ಅಷ್ಟೆ.

ಅದರ ಜೊತೆಗೆ ಕಾಯುವ ಕಾಯಿಲೆ. ಹೊಸ ಮಾಡೆಲ್ ಬರುತ್ತದಂತೆ, ಬಂದರೆ ಹಳೆಯದರ ಬೆಲೆ ಇಳಿಯುತ್ತದಂತೆ, ಹಬ್ಬಕ್ಕೆ ಇನ್ನೂ ಇಳಿಯುತ್ತದಂತೆ. ನಾನು ಕಾಯುತ್ತಿದ್ದೆ. ಈ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂದು, ಕಫ ಎದೆಗಿಳಿದು, ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಕೂತು ಮಾಡಲು ಏನೂ ತೋಚದೆ ಫೋನ್ ತೆಗೆದರೆ, ಕೈ ತಾನಾಗೇ ಲೆನ್ಸಿನ ವಿಮರ್ಶೆಗೆ ಹೋಯಿತು. ವಿಮರ್ಶಕ ಎಂದಿನ ಹಾಗೆ "ಇನ್ನೊಂದು ಆರು ತಿಂಗಳು ಕಾಯಬಹುದಾದರೆ" ಅಂತ ಶುರು ಮಾಡಿದ. ನನಗೆ ಅಲ್ಲೇ ಹೆದರಿಕೆಯಾಯಿತು. ಅಮ್ಮ ಹುಷಾರಾಗಿ ಮನೆಗೆ ಬಂದಳು, ಆದರೆ ಸೀರೆ ಮೈಮೇಲೆ ಸಡಿಲವಾಗಿತ್ತು. ಇನ್ನು ಕಾಯುವುದಿಲ್ಲ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಸಿಕ್ಕಿದ್ದು ತರುವುದು ಅಂತ ತೀರ್ಮಾನ ಮಾಡಿದೆ.

ಸೆಕೆಂಡ್ ಹ್ಯಾಂಡ್ ಲೋಕದಲ್ಲಿ ಎಲ್ಲ ಕ್ಯಾಮೆರಾಗಳೂ ಬೀರುವಿನಲ್ಲೇ ಹುಟ್ಟಿ ಬೀರುವಿನಲ್ಲೇ ಬೆಳೆದಿರುತ್ತವೆ. ಯಾವುದೂ ಮದುವೆಗೆ ಹೋಗಿಲ್ಲ, ಯಾವುದಕ್ಕೂ ಮಳೆ ತಾಗಿಲ್ಲ. ಹಾಗೆ ಹೇಳದೆ, "ಮದುವೆ ತೆಗೆದು ತೆಗೆದು ಸಾಕಾಯ್ತು, ಕೊಡ್ತೀನಿ" ಅಂದವರು ಜಡಿಗೇನಹಳ್ಳಿಯ ಮುನಿರಾಜಣ್ಣ ಒಬ್ಬರೇ. ಆ ಮಾತು ನನ್ನ ಸುಸ್ತಿಗೆ ಹತ್ತಿರವಾಗಿ ಕೇಳಿಸಿತು. ಹೊರಡುವಾಗ ಜೇಬಿನಲ್ಲಿ ಒಂದು ಟಾರ್ಚ್ ಇಟ್ಟುಕೊಂಡೆ. ಹಳೆಯ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಹಿಡಿದಿದೆಯೇ ನೋಡಬೇಕು; ಉಪಯೋಗದ ಮಾತು ಬಿಟ್ಟರೆ ಇದೊಂದನ್ನು ಮಾತ್ರ ಎಲ್ಲ ವಿಮರ್ಶಕರೂ ಆಣೆ ಹಾಕಿ ಹೇಳಿದ್ದರು.

ಮುನಿರಾಜಣ್ಣ ಕ್ಯಾಮೆರಾವನ್ನು ಟೀಪಾಯಿ ಮೇಲೆ ಇಟ್ಟರು. ನಾನು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವರು, "ಯಾವೂರು ಅಂದ್ರಿ?" ಅಂದರು.

"ಆವತಿ."

"ಆವತೀಲಿ ಯಾರ ಪೈಕಿ?"

"ಪಿಳ್ಳಪ್ಪನವರ ಮಗ."

"ಅಯ್ಯೋ ಶಿವನೇ! ನಮ್ಮ ದೊಡ್ಡಮ್ಮನ ಸೊಸೆ ತವರು ಅದೇ ಅಲ್ವಾ? ನೀವು ನಮ್ಗೆ ಭಾವ ಆಗ್ಬೇಕು ಕಣ್ರೀ! ಏ ಇವ್ಳೇ, ಭಾವ ಬಂದವ್ರೆ, ಮುದ್ದೆಗೆ ಎಸರಿಡು!"

ನನ್ನ ವ್ಯವಹಾರ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ನೆಂಟಸ್ತಿಕೆ ಸಿಗುವವರೆಗೆ ಗಿರಾಕಿ, ಸಿಕ್ಕಿದ ಮೇಲೆ ಎಲೆಯ ಮುಂದೆ ಕೂತವನು. ಮುದ್ದೆ ಉಂಡೆ, ಹುರುಳಿಕಾಳಿನ ಸಾರು ಎರಡು ಸಲ ಹಾಕಿಸಿಕೊಂಡೆ, ಅವರ ಮೊಣಕಾಲು ನೋವಿನ ಕಥೆ ಕೇಳಿದೆ, ನಮ್ಮಮ್ಮನ ಜ್ವರದ ಕಥೆ ಹೇಳಿದೆ. ಉಂಡ ಮನೆಯಲ್ಲಿ, ಭಾವ ಅಂದವರ ಕಣ್ಣೆದುರಿಗೆ, ಅವರು ಕೊಟ್ಟ ವಸ್ತುವಿಗೆ ಟಾರ್ಚ್ ಬಿಟ್ಟು ನೋಡುವುದುಂಟೆ? ಆ ಟಾರ್ಚ್ ತೊಡೆಗೆ ಒತ್ತುತ್ತಲೇ ಇತ್ತು. ನಾನು ಲೆನ್ಸಿನ ಮುಚ್ಚಳ ಕೂಡ ತೆಗೆಯದೆ "ಚೆನ್ನಾಗಿದೆ" ಅಂದು, ಅವರು ಹೇಳಿದಷ್ಟು ದುಡ್ಡು ಕೊಟ್ಟೆ. ಅವರು ಕ್ಯಾಮೆರಾ, ಲೆನ್ಸ್ ಎರಡನ್ನೂ ಒಂದು ರವಿಕೆ ಕಣದಲ್ಲಿ ಸುತ್ತಿ, ಮೇಲೆ ಎಲೆ ಅಡಿಕೆ ಇಟ್ಟು, ತಂಗೀನ ಗಂಡನ ಮನೆಗೆ ಕಳಿಸುವ ಹಾಗೆ ಕಳಿಸಿಕೊಟ್ಟರು.

ಮನೆಗೆ ಬಂದು ಟಾರ್ಚ್ ಬಿಟ್ಟೆ. ಕ್ಯಾಮೆರಾ ಚೆನ್ನಾಗಿಯೇ ಇತ್ತು. ಲೆನ್ಸಿನೊಳಗೆ ಮಾತ್ರ ಜೇಡ ಸಂಸಾರ ಹೂಡಿದ ಹಾಗೆ ಬಿಳಿಯ ಎಳೆಗಳು. ಮುನಿರಾಜಣ್ಣ ಮೋಸ ಮಾಡಿದರು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಪ್ರೀತಿಯಿಂದ ಬಟ್ಟೆ ಸುತ್ತಿ, ಗಾಳಿ ಬೆಳಕು ತಾಗದ ಹಾಗೆ ಜೋಪಾನ ಮಾಡಿದ್ದರು, ಆ ಜೋಪಾನಕ್ಕೇ ಬೂಷ್ಟು ಬಂದಿತ್ತು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಅವರು ಆಗಲೇ ಎರಡು ಸಲ ಫೋನ್ ಮಾಡಿ ಅಮ್ಮನ ಆರೋಗ್ಯ ವಿಚಾರಿಸಿಯಾಗಿತ್ತು.

"ರೀ, ಎರಡು ವರ್ಷ ಓದಿದ್ದು ಇದಕ್ಕೇನಾ?" ಅಂದಳು ಸರೋಜ. ಅಕ್ಕಿ ತೇವ ಎಳೆಯುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಲೆನ್ಸನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮಾರನೆಯ ಶನಿವಾರ ಬೆಂಗಳೂರಿಗೆ ಹೋಗಿ, ಮೊದಲು ಕಂಡ ಅಂಗಡಿಯಲ್ಲಿ, ಮುಖದ ಫೋಟೋಗೆ ಆಗುವ ಹೊಸ ಲೆನ್ಸ್ ಕೊಡಿ ಅಂದೆ. ಅವನು "ಉಪಯೋಗ?" ಅಂದ. "ನಮ್ಮಮ್ಮ" ಅಂದೆ. ಎರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದೆ. ಅವನು ತಲೆಯಾಡಿಸಿ ಒಂದನ್ನು ತೆಗೆದು ಮುಂದಿಟ್ಟ, ನಾನು ತಗೊಂಡು ಬಂದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಿಸಿಲು ಇನ್ನೂ ಎಳಸಾಗಿತ್ತು. ಅಮ್ಮನನ್ನು ಹೇಗೆ ಕರೆಯುವುದು, ಏನು ನೆಪ ಹೇಳುವುದು ಅಂತ ಯೋಚಿಸುತ್ತ ಚಕ್ಕೋತದ ಮರದ ಕಡೆಗೆ ಕ್ಯಾಮೆರಾ ಹಿಡಿದು ಸುಮ್ಮನೆ ನಿಂತಿದ್ದೆ. ಹಿಂದೆ ಬಳೆ ಸದ್ದಾಯಿತು. ಅಮ್ಮ, ಅಪ್ಪ ದೊಡ್ಡಬಳ್ಳಾಪುರದಿಂದ ತಂದುಕೊಟ್ಟಿದ್ದ ಸೀರೆ ಉಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಕುರ್ಚಿಯನ್ನು ತಾನೇ ಎಳೆದುಕೊಂಡು ಬಂದಿದ್ದಳು.

"ಎಲ್ಲಿ ಕೂತ್ಕಳ್ಳಲಿ?"

"ಯಾತಕ್ಕಮ್ಮ?" ಅಂದೆ, ಪೆದ್ದನ ಹಾಗೆ.

"ಹಕ್ಕಿ ತಗ್ಯೋನು ಹಕ್ಕಿ ಬಂದಾಗ ನನ್ ಮುಖ ನೋಡ್ತಿದ್ಯಲ್ಲ ಮಂಜಾ, ನಂಗೆ ಗೊತ್ತಾಗಲ್ವಾ? ತಗಿ, ಬಿಸ್ಲು ಏರ್ತದೆ."

ಕುರ್ಚಿಯನ್ನು ಬಿಸಿಲಿಗೆ ತಿರುಗಿಸಿ, ಅಮ್ಮನನ್ನು ಕೂರಿಸಿ ತೆಗೆದೆ. ತೆಗೆದದ್ದನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದಾಗ ನಾನು ಎರಡು ವರ್ಷ ಹುಡುಕಿದ್ದು ಅಲ್ಲಿತ್ತು. ಮಚ್ಚೆ ಇತ್ತು, ಕಿರಿದಾದ ಎಡಗಣ್ಣಿತ್ತು, ಒಂದೊಂದು ಬಿಳಿಕೂದಲೂ ಬೇರೆಯಾಗಿ ಇತ್ತು. ಅಮ್ಮ ಕ್ಯಾಮೆರಾ ಇಸಿದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ನಡುಮನೆಗೆ ಹೋದಳು. ನಾನು ಹಿಂದೆ ಹೋದೆ. ಅವಳು ಅಪ್ಪನ ಪಟದ ಕೆಳಗೆ ನಿಂತು, ಒಂದು ಸಲ ಅವರನ್ನು, ಒಂದು ಸಲ ಪರದೆಯನ್ನು ನೋಡಿದಳು.

"ಚೆನ್ನಾಗೈತೆ. ಆದ್ರೆ ಇದು ಬ್ಯಾಡ ಕಣಪ್ಪ."

"ಯಾಕಮ್ಮ?"

"ಅವ್ರು ಅಷ್ಟು ಮಬ್ಬಾಗವ್ರೆ. ಪಕ್ಕದಲ್ಲಿ ನಾನೊಬ್ಳೇ ಇಷ್ಟು ನಿಚ್ಚಳವಾಗಿ ಕೂತ್ಕಂಡ್ರೆ ಜೋಡಿ ಹೊಂದ್ತದಾ? ನಂದೂ ಒಸಿ ಮಬ್ಬು ಮಾಡು."

"ಅದು ಅಪ್ಪನ ಥರಾನೇ ಇಲ್ಲ ಅಂತಿದ್ಯಲ್ಲಮ್ಮ."

"ಆಗ ಇರ್ಲಿಲ್ಲ. ದಿನಾ ಹೂ ಇಕ್ಕಿ ಇಕ್ಕಿ, ಬತ್ತಾ ಬತ್ತಾ ಅವ್ರೇ ಆಗೋದ್ರು."

ನಾನು ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಮುನಿರಾಜಣ್ಣನ ಲೆನ್ಸ್ ತೆಗೆದು, ಅಂಟಿದ್ದ ನುಚ್ಚು ಒರೆಸಿ, ಕ್ಯಾಮೆರಾಕ್ಕೆ ಹಾಕಿ, ಅಮ್ಮನನ್ನು ಅದೇ ಕುರ್ಚಿಯಲ್ಲಿ, ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದೆ. ಈ ಸಲ ಪರದೆಯಲ್ಲಿ ಅಮ್ಮ ತೆಳುವಾದ ಮಂಜಿನೊಳಗೆ ಕೂತಿದ್ದಳು, ಅಪ್ಪ ನಿಂತಿದ್ದ ಅದೇ ಮಂಜಿರಬೇಕು. ಮತ್ತೆ ನಡುಮನೆ, ಮತ್ತೆ ಪಟದ ಕೆಳಗೆ. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಪರದೆಯನ್ನೂ ಒರೆಸಿದಳು.

"ಅಂತೂ ನಿಮ್ಮಪ್ಪನ ಜೊತೇಲಿ ನಂದೊಂದು ಫೋಟೋ ಆಯ್ತು" ಅಂದಳು. ಆಮೇಲೆ ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಈಗ್ಲೇ ಗೋಡೆಗೆ ಹೊಡೀಬ್ಯಾಡ, ಎತ್ತಿಡು" ಅಂತ ಹೇಳಿ, ಸೀರೆ ಬದಲಾಯಿಸಲು ಕೋಣೆಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಹೋಗಿ ಆ ಗಿಣೀದೂ ಒಂದು ತಗಿ ಹೋಗು. ಪಾಪ, ಎರಡು ವರ್ಷದಿಂದ ಬಂದು ಬಂದು ಕೂತ್ಕಂತೈತೆ."