ಒಣಮೀನಿನ ಜರಡಿ

ಅಜ್ಜಿಯ ಜರಡಿಯನ್ನು ಮೂಗಿನ ಹತ್ತಿರ ಹಿಡಿದರೆ ಈಗಲೂ ಒಣಮೀನಿನ ವಾಸನೆ ಬರುತ್ತದೆ. ಅದೆಲ್ಲ ನಿನ್ನ ಭ್ರಮೆ, ಬರುವುದು ತುಕ್ಕಿನ ವಾಸನೆ ಎಂದು ಮನೆಯಲ್ಲಿ ನಗುತ್ತಾರೆ. ಇರಬಹುದು. ಜಡಿಗೇನಹಳ್ಳಿ ಹತ್ತಿರದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಯಾರದೋ ಗೋಡೌನು ಎದ್ದಿದೆ, ಗೇಟಿನವನು ನನ್ನನ್ನು ಒಳಗೂ ಬಿಡಲಿಲ್ಲ. ಹಿತ್ತಲ ಹಲಸಿನ ಮರ, ಅದರಾಚೆಗಿದ್ದ ಕೋಳಿ ಫಾರಂ, ಇಡೀ ದಿನ ಕೇಳುತ್ತಿದ್ದ ಕೋಳಿಗಳ ಗದ್ದಲ ಎಲ್ಲ ಹೋಗಿ, ಉಳಿದದ್ದು ಇದೊಂದೇ. ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದ್ದೀತು, ಬಿಸಾಕಲು ಮನಸ್ಸು ಬಾರದ್ದು, ಕಣ್ಣೆದುರು ಇಟ್ಟುಕೊಳ್ಳಲು ಧೈರ್ಯ ಸಾಲದ್ದು.

ಅಪ್ಪ ಮುಸುಕಿನ ಜೋಳ, ಕಡ್ಲೆಕಾಯಿ ಹಿಂಡಿ, ಒಣಮೀನು ಬೆರೆಸಿ ಕೋಳಿಗಳ ಫೀಡನ್ನು ಮನೆಯಲ್ಲೇ ಮಾಡಿಸುತ್ತಿದ್ದರು. ಮೀನಿನ ಮೂಟೆಗಳು ಕರಾವಳಿಯಿಂದ ಲಾರಿಯಲ್ಲಿ ಬರುತ್ತಿದ್ದವು. ತೂಕಕ್ಕೆಂದು ಅದರಲ್ಲಿ ಮರಳು ಬೆರೆಸುತ್ತಿದ್ದರೋ ಏನೋ, ಜರಡಿ ಹಿಡಿಯದೆ ಕೋಳಿಗೆ ಹಾಕುವಂತಿರಲಿಲ್ಲ. ಅದು ಅಜ್ಜಿಯ ಕೆಲಸ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅವಳು ಕೂತರೆ ಮರಳು ಸುರ್ರನೆ ಕೆಳಗಿಳಿಯುತ್ತಿತ್ತು. ಮೇಲೆ ಉಳಿಯುತ್ತಿದ್ದದ್ದು ಬೆಳ್ಳಗೆ ಒಣಗಿದ, ನನ್ನ ಕಿರುಬೆರಳಿಗಿಂತ ಸಣ್ಣ ಮೀನುಗಳು. ಅವನ್ನು ಅಂಗೈ ಮೇಲಿಟ್ಟುಕೊಂಡು ಅಜ್ಜಿ ಬಹಳ ಹೊತ್ತು ನೋಡುತ್ತಿದ್ದಳು. ಬೇಸಿಗೆಯಲ್ಲಿ ನಮ್ಮೂರ ಕೆರೆ ಇಳಿದಾಗ ಊರವರು ಸೇರಿ ಮೀನು ಹಿಡಿಯುವ ದಿನ, ಗೇಣುದ್ದವಿಲ್ಲದ ಮೀನನ್ನು ಹೆಂಗಸರು ಕೊಡದಲ್ಲಿ ಹೊತ್ತು ತೂಬಿನ ಬಳಿಯ ಗುಂಡಿಗೆ ಬಿಟ್ಟು ಬರುವುದು ವಾಡಿಕೆ. ಆ ಗುಂಡಿಗೆ ಯಾರೂ ಬಲೆ ಇಳಿಸುವಂತಿರಲಿಲ್ಲ. ಆ ಗೇಣಿನ ಅಳತೆಗೆ ಎಲ್ಲರೂ ನಂಬುತ್ತಿದ್ದದ್ದು ಅಜ್ಜಿಯ ಕೈಯನ್ನೇ.

ಒಂದು ದಿನ ಲಾರಿ ಬಂದಾಗ ಅವಳು ಬೊಗಸೆ ತುಂಬ ಮೀನು ತಂದು ಅಪ್ಪನ ಮುಂದೆ ಸುರಿದಳು. "ಇದ್ನ ಇನ್ಮೇಲೆ ತರಿಸ್ಬೇಡ ಕಣಪ್ಪಾ. ಒಂದ್ ಸಲಾನೂ ಮೊಟ್ಟೆ ಇಡ್ದಿರೋ ಮರಿಗಳು. ಹಿಂಗೆ ಬಾಚ್ಕೊಂಡ್ ಬಂದ್ರೆ ನಾಳಿಕ್ಕೆ ಏನ್ ಉಳೀತದೆ? ಹಿಂಡೀನೇ ಒಸಿ ಜಾಸ್ತಿ ಹಾಕು."

ಅಪ್ಪ ತಮ್ಮ ಅವ್ವನ ಮಾತು ಮೀರಿದವರಲ್ಲ. ತಲೆ ಕೆರೆದುಕೊಳ್ಳುತ್ತಾ ಇನ್ನೇನು ಒಪ್ಪುವವರಿದ್ದರು. ಏಳನೇ ಕ್ಲಾಸಿನ ನಾನು, ವಿಜ್ಞಾನದಲ್ಲಿ ಬಹುಮಾನ ತಂದ ಹಮ್ಮಿನಲ್ಲಿ, ನಡುವೆ ಬಾಯಿ ಹಾಕಿದೆ. "ಅಜ್ಜಿ, ಸಮುದ್ರ ಅಂದ್ರೆ ನಮ್ಮೂರ್ ಕೆರೆ ಅಂದ್ಕೊಂಡ್ಯಾ? ಅದು ಯಾವತ್ತೂ ಖಾಲಿ ಆಗಲ್ಲ." ಸಮುದ್ರವನ್ನು ನಾನೂ ಕಂಡಿರಲಿಲ್ಲ. ಕಾಫಿ ಕುಡಿಯುತ್ತಿದ್ದ ಲಾರಿ ಡ್ರೈವರ್ ನಕ್ಕ. ಅಪ್ಪನೂ ನಕ್ಕು, "ಓದಿರೋಳು ಹೇಳ್ತಾವ್ಳೆ, ಬಿಡವ್ವಾ" ಎಂದರು. ಮೂಟೆಗಳು ಇಳಿದವು.

ಅಜ್ಜಿ ಜಗಳವಾಡಲಿಲ್ಲ. ಜರಡಿಯನ್ನು ಮೊಳೆಗೆ ನೇತುಹಾಕಿದವಳು ಮತ್ತೆ ಮುಟ್ಟಲಿಲ್ಲ. ನಮ್ಮ ಫಾರಂನ ಮೊಟ್ಟೆಯನ್ನೂ ತಿನ್ನಲಿಲ್ಲ. ಅಮ್ಮ ಮೊಟ್ಟೆ ಸಾರು ಮಾಡಿದ ದಿನ ತನ್ನ ಪಾಲಿನದನ್ನು ನನ್ನ ತಟ್ಟೆಗೆ ಹಾಕಿ, ಉಪ್ಪಿನಕಾಯಿ ನಂಜಿಕೊಂಡು ಮುದ್ದೆ ಮುಗಿಸುತ್ತಿದ್ದಳು. ನಾನು ಎರಡನ್ನೂ ತಿನ್ನುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಮುಂದೆ ನಾನು ಓದಿದ್ದು ಮೀನುಗಾರಿಕೆಯನ್ನೇ. ಬೋಟುಗಳು ತಂದ ಮೀನನ್ನು ಅಳೆದು ಬರೆದುಕೊಳ್ಳುವ ಕೆಲಸಕ್ಕೆ ಕರಾವಳಿಯ ಬಂದರೊಂದಕ್ಕೆ ಸೇರಿದೆ. ಮೊದಲ ದಿನವೇ, ಹರಾಜಿನ ಮೀನಿನಿಂದ ದೂರ, ಇನ್ನೊಂದು ರಾಶಿ ಕಂಡಿತು. ಬೆರಳುದ್ದದ ಬಂಗುಡೆ, ಬೂತಾಯಿ, ಇನ್ನೂ ಚಿಪ್ಪು ಗಟ್ಟಿಯಾಗದ ಏಡಿಮರಿಗಳು. ಇದೆಲ್ಲಿಗೆ ಎಂದು ಕೇಳಿದೆ. "ಕೋಳಿಗೆ ಮೇಡಂ" ಎಂದ, ಸಲಿಕೆಯಿಂದ ತುಂಬುತ್ತಿದ್ದವನು. ಒಮ್ಮೆಯಾದರೂ ಮೊಟ್ಟೆಯಿಡುವ ಮುಂಚೆ ಹಿಡಿದರೆ ಮೀನಿನ ಸಂತತಿ ಸೊರಗುತ್ತದೆ, ಅದನ್ನು ನಂಬಿದ ಡಾಲ್ಫಿನ್ನುಗಳೂ ಕಡಲಹಕ್ಕಿಗಳೂ ಹಸಿಯುತ್ತವೆ ಎಂದು ಹಿರಿಯ ವಿಜ್ಞಾನಿ ನನಗೆ ವಿವರಿಸತೊಡಗಿದರು. ನಾನು ಅಳತೆಯ ಹಲಗೆಯಿಂದ ಮುಖ ಎತ್ತಲಿಲ್ಲ.

ತಪ್ಪೊಪ್ಪಿಕೊಳ್ಳಲೆಂದೇ ರಜೆ ಹಾಕಿ ಊರಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಜ್ಜಿ ಹಾಸಿಗೆ ಹಿಡಿದಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.

"ಸಮುದ್ರ ನೋಡ್ದಾ ಮಗಾ?"

"ನೋಡ್ದೆ ಅಜ್ಜಿ."

"ಮೀನು ತುಂಬ ಅವಾ ಇನ್ನೂ?"

ಬಾಗಿಲಲ್ಲಿ ಅಪ್ಪ ನಿಂತಿದ್ದರು. ನನ್ನ ಕೆಲಸದ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದವರು. "ತುಂಬ ಅವೆ ಅಜ್ಜಿ. ನೀನ್ ಹೆದರ್ಕೊಂಡಂಗೆ ಏನೂ ಇಲ್ಲ" ಎಂದುಬಿಟ್ಟೆ. ಸಾಯುವವಳನ್ನು ನೋಯಿಸಬಾರದೆಂದು ಹಾಗೆ ಹೇಳಿದೆ ಎಂದರೆ ನೀವು ನಂಬಬಹುದು. ಅದೂ ಸುಳ್ಳೇ. ಅಂದು ಲಾರಿಯವನೆದುರು ನಾನು ಹೇಳಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಅಜ್ಜಿ ನನ್ನ ಮಣಿಕಟ್ಟು ಹಿಡಿದು, "ಸದ್ಯ. ನಾನೇ ತಪ್ ತಿಳ್ಕೊಂಡಿದ್ದೆ ಕಣವ್ವಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರೆ ನಂಗೂ ಒಂದ್ ಮೊಟ್ಟೆ ಬೇಯ್ಸ್ಕೊಡು" ಎಂದಳು.

ಫಾರಂನಿಂದ ತಂದು ನಾನೇ ಬೇಯಿಸಿ, ಸುಲಿದು, ಉಪ್ಪು ಸವರಿ ತಿನ್ನಿಸಿದೆ. ಅಷ್ಟು ವರ್ಷಗಳ ಮೇಲೆ, ಒಂದು ಚೂರೂ ಬಿಡದೆ ತಿಂದಳು.