ಗಿರೀಶಣ್ಣನ ಅಂಗಳಕ್ಕೆ ಕೊನೆಗೂ ನೆರಳು

ಇಲ್ಲ... ನಾನು ಒಪ್ಪಲ್ಲ.

ನಿನ್ನೆ ಸಂಜೆ ಫೋನಿನಲ್ಲಿ ನನ್ನನ್ನು ಬೈದ ಮನುಷ್ಯ, ಇವತ್ತು ಬೆಳಿಗ್ಗೆ ಇಲ್ಲ ಅಂದರೆ ಹೇಗೆ ಒಪ್ಪಲಿ?

"ಲೇ ಸಲೀಂ, ಆ ಬೋಲ್ಟ್ ಬಿಗಿ ಮಾಡಿದ್ಯೇನೋ? ಇಲ್ಲಾಂದ್ರೆ ನಾಳೆ ಬಂದು ನಿನ್ನೇ ಬಿಗಿ ಮಾಡ್ತೀನಿ!"

ಬರಲಿಲ್ಲ...
ಮೈಸೂರಿಗೆ, ಮಗಳ ಮನೆಗೆ ಹೋಗಿದ್ದರು. ನಿದ್ದೆಯಲ್ಲೇ ಹಾರ್ಟ್ ನಿಂತಿತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗಿರೀಶಣ್ಣ ಹಾರಂಗಿ ಕಡೆಯವರು. ಡೆಕ್, ಬೇಲಿ, ಪರ್ಗೋಲಾ ಕಟ್ಟುತ್ತಿದ್ದರು. ಪರ್ಗೋಲಾ ಅಂದರೆ ಕಂಬದ ಮೇಲೆ ಮರದ ಪಟ್ಟಿ ಜೋಡಿಸಿದ ನೆರಳಿನ ಚಪ್ಪರ.
ಅವರದು ಮರ, ನನ್ನದು ವೆಲ್ಡಿಂಗ್.
ಸಿದ್ದಾಪುರದಿಂದ ವಿರಾಜಪೇಟೆವರೆಗೆ ಯಾವುದಾದರೂ ಹೋಂಸ್ಟೇ ಮುಂದೆ ಏಪ್ರಿಲ್ ತಿಂಗಳಲ್ಲಿ ಬೆವರದೆ ಕೂತು ಕಾಫಿ ಕುಡಿದಿದ್ದರೆ, ಆ ನೆರಳು ನಮ್ಮದಿರಬಹುದು.
ಇರಬಹುದು ಏನು... ನಮ್ಮದೇ!

ಮೊದಲು ಅವರು ಎಸ್ಟೇಟಿನಲ್ಲಿ ಮರಗಸಿ ಮೇಸ್ತ್ರಿ. ಕಾಫಿಗಿಡಕ್ಕೆ ಎಷ್ಟು ಬಿಸಿಲು ಬಿಡಬೇಕು ಅಂತ ನೋಡಿ ದೊಡ್ಡ ಮರಗಳ ಕೊಂಬೆ ಕಡಿಸುವ ಕೆಲಸ.
ಆ ಬುದ್ಧಿ ಬಿಟ್ಟೇ ಹೋಗಲಿಲ್ಲ.
"ಕಾಫಿಗೆ ಬೇಕಾದ್ದೇ ಮನುಷ್ಯಂಗೂ ಬೇಕಾಗಿರೋದು. ಕತ್ತಲೆ ಬೇಡ, ಉರಿನೂ ಬೇಡ, ಗಾಳಿ ಬರ್ಬೇಕು" ಅನ್ನುತ್ತಿದ್ದರು.
ಅದಕ್ಕೇ ನಮ್ಮ ಪರ್ಗೋಲಾದ ಮರದ ಪಟ್ಟಿಗಳನ್ನು ಮಳೆಗಾಲದಲ್ಲಿ ತೆಗೆಯಬಹುದು, ಬೇಸಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಬಹುದು.

ಎಡವಟ್ಟು ಮಾಡಲಿಲ್ಲವೇ? ಮಾಡಿದರು!
ಶುರುವಿನಲ್ಲಿ ಒಂದು ಹೋಂಸ್ಟೇಗೆ ಎಸ್ಟೇಟಿನ ಅಭ್ಯಾಸದಂತೆ ಹಾಲವಾಣದ ಹಸಿ ಗೂಟ ಕಡಿದು, ಬಿಳಿ ಪೇಂಟ್ ಹೊಡೆದು, ಚೆಂದದ ಬೇಲಿ ಹಾಕಿದರು.
ಮಳೆ ಬಿತ್ತು ನೋಡಿ... ಪೇಂಟ್ ಸೀಳಿಕೊಂಡು ಬೇಲಿಗೆ ಬೇಲಿಯೇ ಚಿಗುರಿತು!
ಓನರ್ ಫೋನ್ ಮಾಡಿ ಕೂಗಾಡಿದರೆ ಇವರು, "ಸರ್, ಬೇರೆಯವ್ರು ಹಾಕಿದ್ ಬೇಲಿ ಸಾಯ್ತದೆ. ನಮ್ದು ಬದುಕ್ತದೆ. ಖುಷಿಪಡಿ" ಅಂದುಬಿಟ್ಟರು.
ಆ ಬೇಲಿ ಈಗಲೂ ಇದೆ. ಅವರೇ ಇಲ್ಲ...

ಬೆಳಿಗ್ಗೆ ಸುದ್ದಿ ಕೇಳಿದವನು ಸೀದಾ ಅಣ್ಣನ ಮನೆಗೆ ಹೋದೆ.
ನಾಳೆ ಬೆಳಿಗ್ಗೆ ಅವರನ್ನು ತರುತ್ತಾರೆ. ಮಧ್ಯಾಹ್ನದ ತನಕ ಅಂಗಳದಲ್ಲೇ ಮಲಗಿಸುವುದು.
ಅಂಗಳ ನೋಡಿದೆ. ಕಾದ ಕಾವಲಿ!
ಊರಿಗೆಲ್ಲ ನೆರಳು ಮಾಡಿದವರ ಮನೆಯಂಗಳದಲ್ಲಿ ಒಂದು ಕಂಬ ಇಲ್ಲ. ಬಟ್ಟೆ ಒಣಗಿಸುವ ತಂತಿ ಮಾತ್ರ.
ಅತ್ತಿಗೆ ಶಾರದಕ್ಕ ಪ್ರತಿ ಬೇಸಿಗೆಯಲ್ಲೂ ಕೇಳುತ್ತಿದ್ದರು. ಅಣ್ಣನದು ಒಂದೇ ಉತ್ತರ... "ಮುಂದಿನ ಬೇಸಿಗೆಗೆ ಗ್ಯಾರಂಟಿ ಕಣೇ."

ಗಿರೀಶಣ್ಣನ ತಮ್ಮ ಶಾಮಿಯಾನಕ್ಕೆ ಫೋನ್ ಮಾಡುತ್ತಿದ್ದರು.
ನನಗೆ ರೇಗಿ ಹೋಯಿತು.
"ಶಾಮಿಯಾನ ಬೇಡ! ಶಾಮಿಯಾನದ ಕೆಳಗೆ ಬೇಯ್ತೀವಿ ಅಂತ ಯಾವ ಮದುವೇಲೂ ಒಳಗೆ ಕೂರದ ಮನುಷ್ಯ. ಅವ್ರನ್ನ ಬಾಡಿಗೆ ಬಟ್ಟೆ ಕೆಳಗೆ ಮಲಗಿಸ್ತೀರಾ? ನಾನ್ ಬಿಡಲ್ಲ. ಇಲ್ಲಿ ಪರ್ಗೋಲಾ ನಿಲ್ಲಿಸ್ತೀನಿ."
"ನಾಳೆ ಹೊತ್ತಿಗೆ ಆಗ್ತದಾ ಸಲೀಂ? ಅರ್ಧಂಬರ್ಧ ನಿಂತ್ರೆ ಬಂದೋರ ಮುಂದೆ ನಗೆಪಾಟಲು."
"ಆಗ್ತದೆ."

ಸಿದ್ದಾಪುರದ ಒಂದು ಮನೆಗೆಂದು ನಾವಿಬ್ಬರೂ ಮಾಡಿದ್ದ ಪರ್ಗೋಲಾ ಶೆಡ್ಡಿನಲ್ಲಿ ರೆಡಿ ಇತ್ತು. ಆ ಮನೆಯವರಿಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ, "ತಗೊಂಡ್ ಹೋಗಿ ಸಲೀಂ, ನಮ್ದು ಆಮೇಲೆ ನೋಡೋಣ" ಅಂದರು.
ಆ ಮಾತಿಗೆ ರಸ್ತೆಯಲ್ಲೇ ನಿಂತು ಅತ್ತೆ.

ಅಣ್ಣಾ... ಈಗ ನಿಮ್ಮ ಹತ್ತಿರ ಮಾತು.
ಡ್ರಾಯಿಂಗ್ ನೋಡಿ ಕಂಬ ನೆಟ್ಟ ಅಂದುಕೊಳ್ಳಬೇಡಿ. ನಿಮ್ಮ ರೀತಿಯಲ್ಲೇ ಮಾಡಿದೆ.
ಎಲ್ಲಿ ಹೋದರೂ ನೀವು ಮೊದಲು ಕೇಳುತ್ತಿದ್ದಿರಲ್ಲ, "ನೀವ್ ಎಲ್ಲಿ ಕೂರೋದು?" ಅಂತ. ಅಲ್ಲೇ ಕುರ್ಚಿ ಹಾಕಿಕೊಂಡು, ಬಿಸಿಲಲ್ಲಿ ನೀವೇ ಕೂತು, ಮುಖಕ್ಕೆ ಎಲ್ಲಿಂದ ಹೊಡೆಯುತ್ತದೆ ಅಂತ ನೋಡುತ್ತಿದ್ದಿರಿ.
ಜನ ನಗುತ್ತಿದ್ದರು. ನಾನೂ.

ಇವತ್ತು ಶಾರದಕ್ಕನನ್ನು ಕೇಳಿದೆ, "ಅತ್ತಿಗೆ... ಅಣ್ಣನ್ನ ಎಲ್ಲಿ ಮಲಗಿಸೋದು?"
ಕೈ ತೋರಿಸಿದರು. ತಲೆ ದಕ್ಷಿಣಕ್ಕೆ.
ಅಲ್ಲಿ ನಿಮ್ಮದೇ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಸುಟ್ಟು ಹೋದೆ ಅಣ್ಣಾ!
ಆದರೆ ಗೊತ್ತಾಯಿತು. ಹುಡುಗರನ್ನು ಕರೆದು ಕಂಬ ನಿಲ್ಲಿಸಿದೆ. ಬುಡಕ್ಕೆ ಕಲ್ಲು, ಕಾಂಕ್ರೀಟು. ಮೇಲೆ ಪಟ್ಟಿ.
ಆಮೇಲೆ ಅಲ್ಲೇ ಮಲಗಿ ನೋಡಿದೆ. ಬಲಗೆನ್ನೆಗೆ ಒಂದು ಗೆರೆ ಬಿಸಿಲು ಬೀಳುತ್ತಿತ್ತು. ಪಟ್ಟಿ ಸರಿಸಿದೆ. ಈಗ ಇಲ್ಲ.
ಬೋಲ್ಟೂ ಬಿಗಿಯಾಗಿದೆ... ಬಂದು ನೋಡಿ.

ಶಾರದಕ್ಕ ಹೊರಗೆ ಬಂದರು. ಆ ಉರಿ ಹೊತ್ತಲ್ಲಿ ಬರಿಗಾಲಲ್ಲಿ ನೆರಳಿಗೆ ಬಂದು ನಿಂತರು. ಕಂಬ ಮುಟ್ಟಿ ನೋಡಿದರು.
"ಇಷ್ಟೇನಾ ಸಲೀಂ? ಒಂದಿನದ ಕೆಲಸಾನಾ ಇದು? ಇಷ್ಟಕ್ಕೆ ನನ್ನ ಎಷ್ಟ್ ವರ್ಷ ಕಾಯಿಸಿದ್ರು ನೋಡು..."
ಅಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.
ನಿಮ್ಮ ತಮ್ಮ ಮೆಲ್ಲಗೆ ಕೇಳಿದರು, "ಇದನ್ನ ಬಿಚ್ಚೋದು ಯಾವಾಗ?"
ಬಿಚ್ಚಲ್ಲ. ಸಿದ್ದಾಪುರಕ್ಕೆ ಹೊಸದು ಮಾಡುತ್ತೇನೆ. ಇದು ಅತ್ತಿಗೆಯದು.

ಫ್ರೆಂಡ್ಸ್... ಇಲ್ಲಿ RIP ಅಂತ ಮೂರಕ್ಷರ ಟೈಪ್ ಮಾಡಿ, ಕೈಮುಗಿಯುವ ಗೊಂಬೆ ಹಾಕಿ ಸುಮ್ಮನಾಗಬೇಡಿ.
ನಾಳೆ ಬನ್ನಿ. ಬಿಸಿಲಿಗೆ ಹೆದರಬೇಡಿ, ಎಲ್ಲರಿಗೂ ಜಾಗ ಇದೆ.

ಅಣ್ಣಾ, ನೀವು ಹೇಳಿದ ಬೇಸಿಗೆ ಬಂತು. ನಿಮ್ಮ ಮುಖಕ್ಕೆ ಬಿಸಿಲು ತಾಕಲ್ಲ. ಅದಕ್ಕೆ ನಾನು ಗ್ಯಾರಂಟಿ.

ಹೋಗಿ ಬನ್ನಿ...
ನಿಮ್ಮ ಜೀವ ತಂಪಾಗಿರಲಿ.